ಜಕ್ಕಲಿಯ ದೊಡ್ಡಮೇಟಿಯವರು: ಕುರ್ಚಿ ಬಿಟ್ಟೆದ್ದ ಪ್ರತಿನಿಧಿ

ಕಾಯದೆ ಸಭೆಯ ಸಭಾಸದತ್ವವು ಪಡೆಯುವುದಕ್ಕೆ ಎಷ್ಟು ಕಷ್ಟವೋ ಬಿಡುವುದಕ್ಕೆ ಅದರ ಇಮ್ಮಡಿ ಕಷ್ಟವಾದುದು. ಚುನಾವಣೆಯಲ್ಲಿ ಗೆದ್ದವರ ಹೆಸರುಗಳನ್ನು ಪತ್ರಿಕೆಗಳು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕುತ್ತವೆ. ಸೋತವರ ಹೆಸರುಗಳನ್ನು ಸಣ್ಣ ಅಕ್ಷರಗಳಲ್ಲಿ. ಗೆದ್ದ ಮೇಲೆ ತಾವಾಗಿಯೇ ಎದ್ದು ಹೊರಬಂದವರ ಹೆಸರಿಗೆ ಯಾವ ಅಕ್ಷರವೆಂಬುದು ಇನ್ನೂ ನಿಶ್ಚಯವಾದಂತಿಲ್ಲ. ಏಕೆಂದರೆ ಅಂಥ ಪ್ರಸಂಗಗಳು ಬಹಳವಾಗಿ ಬರುವುದಿಲ್ಲ. ರೋಣ ತಾಲೂಕಿನ ಜಕ್ಕಲಿ ಗ್ರಾಮದ ಶ್ರೀ ಅಂದಾನಪ್ಪ ಜ್ಞಾನಪ್ಪ ದೊಡ್ಡಮೇಟಿಯವರು ಗೆದ್ದೂ ಇದ್ದರು, ಎದ್ದೂ ಬಂದರು. ಕನ್ನಡ ಪ್ರಾಂತದ ಏಕೀಕರಣದ ಇತಿಹಾಸವನ್ನು ಬರೆಯುವವರು ಅವರ ಹೆಸರನ್ನು ಒಂದೆರಡು ವಾಕ್ಯಗಳಲ್ಲಿ ಹೇಳಿ ಮುಂದೆ ಸಾಗುವುದು ವಾಡಿಕೆ. ಆ ಒಂದೆರಡು ವಾಕ್ಯಗಳ ಹಿಂದೆ ಇರುವ ಜೀವನವನ್ನು ನಮ್ಮ ವಾಚಕರ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ವ್ಯಕ್ತಿಯನ್ನು ತಿಳಿಯುವ ಮೊದಲು ಆತನ ಮಣ್ಣನ್ನು ತಿಳಿಯಬೇಕು. ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಊರುಗಳ ಸೀಮೆ ಬಹುಮಟ್ಟಿಗೆ ಎರೆಯ ಸೀಮೆ. ಮಳೆ ಬಂದರೆ ಬಿಳಿಜೋಳ, ಹತ್ತಿ, ಕಡಲೆ, ಕುಸುಬೆ, ಗೋದಿಗಳಿಂದ ಹೊಲ ತುಂಬುತ್ತದೆ. ಮಳೆ ತಪ್ಪಿದರೆ ಬಿರುಕು ಬಿಟ್ಟ ನೆಲವೊಂದೇ ಉಳಿಯುತ್ತದೆ. ಉತ್ತರದಲ್ಲಿ ಮಲಪ್ರಭೆ ಹರಿಯುತ್ತಾಳೆ. ಆದರೆ ಎಷ್ಟೋ ಹಳ್ಳಿಗಳಿಗೆ ಆ ನೀರು ಕಣ್ಣಿಗೆ ಬಿದ್ದದ್ದೇ ಹೊರತು ಕೈಗೆ ಸಿಕ್ಕದ್ದಲ್ಲ. ಹಳಮೆಯಲ್ಲಿ ಮಾತ್ರ ಈ ಸೀಮೆ ಯಾರಿಗೂ ಕಡಿಮೆಯಾದುದಲ್ಲ. ನರೇಗಲ್ಲಿನಲ್ಲಿಯೂ ಸೂಡಿಯಲ್ಲಿಯೂ ರಾಷ್ಟ್ರಕೂಟ, ಚಾಲುಕ್ಯರ ಕಾಲದ ಗುಡಿಗಳು ನಿಂತಿವೆ. ಗಜೇಂದ್ರಗಡದಲ್ಲಿ ಘೋರ್ಪಡೆ ಮನೆತನದವರ ಕೋಟೆಯೂ ಕಾಲಕಾಲೇಶ್ವರನ ಕ್ಷೇತ್ರವೂ ಇವೆ. ನರಗುಂದದ ಗುಡ್ಡವನ್ನು ಕಂಡ ಯಾವನಿಗಾದರೂ ೧೮೫೮ರ ನೆನಪಾಗದೆ ಇರದು. ಆ ವರ್ಷ ನರಗುಂದದ ಬಾಬಾಸಾಹೇಬ ಭಾಸ್ಕರರಾಯನು ಕಂಪನಿ ಸರಕಾರದ ವಿರುದ್ಧ ಎದ್ದನು; ಪೊಲಿಟಿಕಲ್ ಏಜಂಟನಾದ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದನು; ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿ ಸಂಸ್ಥಾನವನ್ನು ಖಾಲಸಾ ಮಾಡಿದರು. ಅದೇ ಮನೆತನದ ಇನ್ನೊಂದು ಶಾಖೆಯ ರಾಮದುರ್ಗ ಮಾತ್ರ ಸ್ವಾತಂತ್ರ್ಯ ಬರುವವರೆಗೂ ಸಂಸ್ಥಾನವಾಗಿಯೇ ಉಳಿಯಿತು. ಒಂದೇ ಭಾಷೆ, ಒಂದೇ ಬೆಳೆ, ಒಂದೇ ಜಾತ್ರೆ. ನಡುವೆ ಎರಡು ರಾಜ್ಯಗಳ ಗಡಿ.

ಗಡಿಯ ಮಾತನ್ನು ಇನ್ನೂ ಸ್ವಲ್ಪ ಹೇಳಬೇಕಾಗಿದೆ. ದೊಡ್ಡಮೇಟಿಯವರ ಜೀವನದ ಬೀಗದ ಕೈ ಅದರಲ್ಲಿದೆ. ರೋಣ ತಾಲೂಕಿನ ಪೂರ್ವಕ್ಕೆ ನಿಜಾಮನ ಹೈದರಾಬಾದು ಸಂಸ್ಥಾನದ ಸೀಮೆ. ಕುಕನೂರು, ಯಲಬುರ್ಗಿ, ಕುಷ್ಟಗಿಗಳು ನಿಜಾಮನವು. ನರೇಗಲ್ಲು, ಗಜೇಂದ್ರಗಡಗಳು ಇಂಗ್ರೇಜರವು. ಎತ್ತಿನ ಬಂಡಿ ಕಟ್ಟಿಕೊಂಡು ಹೊರಟ ರೈತನು ಊಟದ ಹೊತ್ತಿಗೆ ಇನ್ನೊಂದು ರಾಜ್ಯವನ್ನು ಸೇರುತ್ತಿದ್ದನು. ಅಲ್ಲಿ ಹಾಲಿ ಸಿಕ್ಕಾ ಎಂಬ ಬೇರೆ ನಾಣ್ಯ, ಕರೋಡಗಿರಿ ಎಂಬ ಬೇರೆ ಸುಂಕದ ಕಟ್ಟೆ, ಕಚೇರಿಯಲ್ಲಿ ಉರ್ದು. ಇತ್ತ ಧಾರವಾಡ ಜಿಲ್ಲೆಯಲ್ಲಿ ಕಚೇರಿಯ ಕೆಳಗಣ ಮೆಟ್ಟಿಲಿನಲ್ಲಿ ಕನ್ನಡ, ಮೇಲಣ ಮೆಟ್ಟಿಲಿನಲ್ಲಿ ಇಂಗ್ಲಿಷು. ೧೯ನೆಯ ಶತಮಾನದಲ್ಲಿ ಶಾಲೆಗಳಲ್ಲಿಯೂ ಮರಾಠಿಯ ಪ್ರಾಬಲ್ಯವಿದ್ದುದನ್ನೂ, ಡೆಪ್ಯುಟಿ ಚನ್ನಬಸಪ್ಪನವರಂಥ ಮಹನೀಯರು ಕನ್ನಡ ಶಾಲೆಗಳಿಗಾಗಿ ಪಟ್ಟ ಪಾಡನ್ನೂ ನಮ್ಮ ವಾಚಕರು ಬಲ್ಲರು. ಕನ್ನಡಿಗರು ಹರಿದು ಹಂಚಿಹೋಗಿದ್ದ ರಾಜ್ಯಾಡಳಿತಗಳನ್ನು ಎಣಿಸಿದರೆ ಇಪ್ಪತ್ತರ ಹತ್ತಿರ ಬರುತ್ತಿತ್ತು. ಪಟ್ಟಣದ ವಿದ್ಯಾವಂತನಿಗೆ ಇದು ನಕಾಶೆಯ ಮೇಲಿನ ಗೆರೆ. ಜಕ್ಕಲಿಯ ಒಕ್ಕಲಿಗನಿಗೆ ಮಗಳನ್ನು ಕೊಟ್ಟ ಊರಿಗೆ ಹೋಗುವ ಹಾದಿಯಲ್ಲಿ ಅಡ್ಡ ನಿಂತ ನಾಕೆ.

ಇಂಥ ಊರಲ್ಲಿ ೧೯೦೮ರಲ್ಲಿ ಅಂದಾನಪ್ಪನವರು ಜನಿಸಿದರು. ಅವರು ಬಾಲ್ಯವನ್ನು ಕಳೆದು ಯೌವನಕ್ಕೆ ಬರುವ ಅವಧಿಯಲ್ಲಿಯೇ ಧಾರವಾಡದ ಕಡೆಯಿಂದ ಒಂದು ಹೊಸ ಗಾಳಿ ಬೀಸಿತು. ೧೮೯೦ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಆಗಲೇ ಬೇರೂರಿತ್ತು. ೧೯೧೫ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು. ೧೯೧೭ರಲ್ಲಿ ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ ಹೊರಬಂದು, ತಮಗೊಂದು ಇತಿಹಾಸವಿತ್ತೆಂಬುದನ್ನೇ ಮರೆತಿದ್ದ ಜನರ ಕಣ್ಣು ತೆರೆಯಿಸಿತು. ೧೯೨೦ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷೆಯ ತಳಹದಿಯ ಮೇಲೆ ತನ್ನ ಪ್ರಾಂತಗಳನ್ನು ರಚಿಸಲು ಒಪ್ಪಿದ್ದರಿಂದ, ಸರಕಾರದ ನಕಾಶೆಯಲ್ಲಿ ಇಲ್ಲದ ಕರ್ನಾಟಕವು ಕಾಂಗ್ರೆಸ್ಸಿನ ನಕಾಶೆಯಲ್ಲಿ ಮೂಡಿತು. ೧೯೨೪ರಲ್ಲಿ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಅಧಿವೇಶನ ನೆರೆದಾಗ ಹುಯಿಲಗೋಳ ನಾರಾಯಣರಾಯರ ನಾಡಗೀತೆಯು ಅಲ್ಲಿ ಮೊಳಗಿತು. ಹುಯಿಲಗೋಳವು ಗದುಗಿನ ಸೀಮೆಯ ಊರು. ಹೀಗಾಗಿ ಆ ಗೀತೆಯು ಈ ಭಾಗದ ತರುಣರಿಗೆ ನೆರೆಮನೆಯವರು ಹಾಡಿದಷ್ಟು ಹತ್ತಿರವಾಗಿತ್ತು. ದೇಶದ ಸ್ವಾತಂತ್ರ್ಯ ಬೇರೆ, ಕನ್ನಡದ ಏಕೀಕರಣ ಬೇರೆ ಎಂಬ ಭಾವನೆ ಆ ತಲೆಮಾರಿನವರಿಗೆ ಇರಲಿಲ್ಲ. ಅಂದಾನಪ್ಪನವರೂ ರಾಷ್ಟ್ರೀಯ ಚಳವಳಿಯಲ್ಲಿ ಧುಮುಕಿ ಸೆರೆಮನೆಯನ್ನು ಕಂಡರು. ಆ ಕಾಲದ ನೂರಾರು ಸತ್ಯಾಗ್ರಹಿಗಳ ಕಥೆ ಇದೇ ಆದುದರಿಂದ ಇಲ್ಲಿ ಹೆಚ್ಚು ಬೆಳೆಸುವುದಿಲ್ಲ.

ಅವರು ನೂರಾರು ಜನರಿಂದ ಬೇರೆಯಾಗಿ ಕಾಣಿಸಿದ್ದು ೧೯೩೭ರಲ್ಲಿ. ೧೯೩೫ರ ಕಾಯದೆಯ ಮೇರೆಗೆ ಪ್ರಾಂತಗಳಿಗೆ ಹೊಸ ಶಾಸನಸಭೆಗಳು ಬಂದವು. ಮುಂಬಯಿ ಇಲಾಖೆಯ ಕೆಳಮನೆಗೆ ೧೭೫ ಸ್ಥಾನಗಳು. ಮತವು ಎಲ್ಲರಿಗೂ ಇರಲಿಲ್ಲ. ಭೂಮಿ, ತೆರಿಗೆ, ವಿದ್ಯೆಗಳ ಯೋಗ್ಯತೆಯುಳ್ಳವರಿಗೆ ಮಾತ್ರ. ಅದಕ್ಕಿಂತ ಹಿಂದಿನ ಕೌನ್ಸಿಲ್ಲುಗಳಲ್ಲಿ ನಮ್ಮ ಭಾಗದಿಂದ ಕುಳಿತವರು ಬಹುತೇಕ ವಕೀಲರು, ಪದವೀಧರರು, ಸರಕಾರದೊಡನೆ ಮಾತನಾಡಬಲ್ಲವರು. ಹುಬ್ಬಳ್ಳಿಯ ಸರ್ ಸಿದ್ದಪ್ಪ ಕಂಬಳಿಯವರು ಕೌನ್ಸಿಲ್ಲಿನ ಉಪಾಧ್ಯಕ್ಷರಾಗಿ, ಬಳಿಕ ಮಂತ್ರಿಗಳಾಗಿ ಮಾಡಿದ ಕೆಲಸವನ್ನು ಅವರ ರಾಜಕೀಯವನ್ನು ಒಪ್ಪದವರೂ ಅಲ್ಲಗಳೆಯಲಾರರು. ಆದರೆ ೧೯೩೭ರಲ್ಲಿ ಬಂದವರ ರೀತಿ ಬೇರೆ. ಖಾದಿ ತೊಟ್ಟ, ಸೆರೆಮನೆಯಿಂದ ಬಂದ, ಹಳ್ಳಿಯ ಹೊಲಮನೆಗಳ ಲೆಕ್ಕ ಬಲ್ಲ ತರುಣರು ಮುಂಬಯಿಯ ಮೆತ್ತೆಯ ಕುರ್ಚಿಗಳಲ್ಲಿ ಬಂದು ಕುಳಿತರು. ಧಾರವಾಡ ಜಿಲ್ಲೆಯ ಉತ್ತರ ಭಾಗದಿಂದ ಆರಿಸಿ ಬಂದ ದೊಡ್ಡಮೇಟಿಯವರಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ.

ಎರೆಯ ನಾಡಿನ ಪ್ರತಿನಿಧಿಗೆ ಮುಂಬಯಿ ಎಷ್ಟು ದೂರವೆಂಬುದನ್ನು ಈಗಿನವರು ಊಹಿಸಲಾರರು. ಬಂಡಿಯಲ್ಲಿಯೋ ಮೋಟಾರಿನಲ್ಲಿಯೋ ಗದುಗಿಗೆ ಬರಬೇಕು. ಅಲ್ಲಿಂದ ಸಣ್ಣ ಗೇಜಿನ ಗಾಡಿಯಲ್ಲಿ ಹುಬ್ಬಳ್ಳಿ, ಲೋಂಡಾ, ಬೆಳಗಾವಿ, ಮೀರಜ ದಾಟಿ ಪುಣೆ ಸೇರಬೇಕು. ಪುಣೆಯಲ್ಲಿ ಗಾಡಿ ಬದಲಿಸಿ ಘಟ್ಟ ಇಳಿಯಬೇಕು. ಇಷ್ಟಾದ ಮೇಲೂ ಸಭೆಯೊಳಗೆ ಇನ್ನೊಂದು ಘಟ್ಟ ಇದ್ದಿತು. ಅದೇ ೧೯೩೫ರ ಕಾಯದೆಯ ೮೫ನೆಯ ಕಲಮಿನ ಪ್ರಕಾರ ಪ್ರಾಂತದ ಶಾಸನಸಭೆಯ ಕಾರ್ಯಕಲಾಪಗಳೆಲ್ಲ ಇಂಗ್ಲಿಷಿನಲ್ಲಿಯೇ ನಡೆಯತಕ್ಕದ್ದು. ಇಂಗ್ಲಿಷು ಬಾರದವನಿಗೆ ಅಥವಾ ಸಾಲದಷ್ಟು ಬರುವವನಿಗೆ ಮಾತ್ರ ಬೇರೆ ಭಾಷೆಗೆ ಅವಕಾಶ. ಕನ್ನಡವು ಆ ಸಭೆಯಲ್ಲಿ ಹಕ್ಕಿನಿಂದ ಬಂದುದಲ್ಲ, ಅಜ್ಞಾನಕ್ಕೆ ಕೊಟ್ಟ ರಿಯಾಯಿತಿಯಾಗಿ ಬಂದುದು! ಗುಜರಾತಿ, ಮರಾಠಿಗಳ ಪಾಡೂ ಕಾಯದೆಯಲ್ಲಿ ಅದೇ ಎಂಬುದು ನಿಜ. ಆದರೆ ಮುಂಬಯಿ ನಗರವು ಆ ಎರಡು ಭಾಷೆಗಳವರಿಗೆ ಪರಸ್ಥಳವಾಗಿರಲಿಲ್ಲ. ಬೆಳಗಾವಿ, ಬಿಜಾಪುರ, ಧಾರವಾಡ, ಕಾರವಾರ ಈ ನಾಲ್ಕು ಜಿಲ್ಲೆಯ ಕನ್ನಡ ಸಭಾಸದರೇ ಅಲ್ಲಿ ನಿಜವಾದ ನೆಂಟರು.

ಹೀಗಿದ್ದರೂ ಆ ಸಭೆ ನಿರರ್ಥಕವಾಗಲಿಲ್ಲವೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಖೇರ್ ಅವರ ಮಂತ್ರಿಮಂಡಲವು ಎರಡು ವರ್ಷ ಚಿಲ್ಲರೆ ಕಾಲದಲ್ಲಿ ಮಾಡಿದ ಕಾಯದೆಗಳಲ್ಲಿ ಎರಡು ಮೂರು ನಮ್ಮ ರೈತರಿಗೆ ಬಹಳ ಬೇಕಾದವು. ಕರನಿರಾಕರಣೆಯ ಕಾಲದಲ್ಲಿ ಸಿದ್ದಾಪುರ, ಅಂಕೋಲಾ, ಹಿರೇಕೆರೂರುಗಳ ಒಕ್ಕಲಿಗರು ಕಳೆದುಕೊಂಡ ಜಮೀನುಗಳನ್ನು ಮೂಲ ಮಾಲಕರಿಗೆ ಹಿಂದಿರುಗಿಸಲು ೧೯೩೮ರಲ್ಲಿ ಕಾಯದೆಯಾಯಿತು. ಲಿಲಾವಿನಲ್ಲಿ ಹೋದ ಹೊಲಕ್ಕೆ ಮರಳಿ ಕಾಲಿಟ್ಟವನಿಗೆ ಸ್ವರಾಜ್ಯವೆಂದರೇನೆಂದು ಯಾರೂ ಭಾಷಣ ಮಾಡಿ ತಿಳಿಸಬೇಕಾಗಿರಲಿಲ್ಲ. ೧೯೩೯ರಲ್ಲಿ ಸಾಲಗಾರ ರೈತರ ಪರಿಹಾರಕ್ಕೂ ಗೇಣಿದಾರರ ರಕ್ಷಣೆಗೂ ಕಾಯದೆಗಳು ಬಂದವು. ಅದೇ ಸಭೆ ೧೯೩೮ರಲ್ಲಿ ಕರ್ನಾಟಕ ಪ್ರಾಂತ ರಚನೆಯಾಗಬೇಕೆಂಬ ಠರಾವನ್ನೂ ಒಪ್ಪಿತು. ಠರಾವು ಒಪ್ಪಿಗೆಯಾದದ್ದು ಮುಂಬಯಿಯಲ್ಲಿ, ಅಧಿಕಾರವಿದ್ದದ್ದು ಲಂಡನ್ನಿನಲ್ಲಿ. ಲಂಡನ್ನು ಒಪ್ಪಲಿಲ್ಲ. ೧೯೩೯ರ ಕೊನೆಗೆ ಯುದ್ಧದ ಪ್ರಶ್ನೆಯ ಮೇಲೆ ಕಾಂಗ್ರೆಸ್ ಮಂತ್ರಿಮಂಡಲಗಳು ಹೊರಬಂದವು. ಗವರ್ನರನ ಆಳಿಕೆ ಬಂತು. ಠರಾವು ದಫ್ತರದಲ್ಲಿ ಮಲಗಿತು. ಸಭಾಸದನ ಬಾಯಿ ಎಷ್ಟು ದೂರ ಮುಟ್ಟುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ತರುಣ ದೊಡ್ಡಮೇಟಿಯವರು ಆಗಲೇ ಕಂಡಿರಬೇಕು.

ಸ್ವಾತಂತ್ರ್ಯ ಬಂತು. ಇನ್ನು ಲಂಡನ್ನಿನ ಅಡ್ಡಿಯಿಲ್ಲ, ನಾಗಪುರದ ಮಾತು ನಡೆದೇ ನಡೆಯುತ್ತದೆ ಎಂದು ಜನ ನಂಬಿದರು. ೧೯೪೮ರಲ್ಲಿ ಧರ್ ಆಯೋಗ ಬಂತು. ಭಾಷೆಯೊಂದನ್ನೇ ಆಧಾರವಾಗಿಟ್ಟುಕೊಂಡು ಪ್ರಾಂತ ರಚಿಸುವುದು ದೇಶಕ್ಕೆ ಹಿತವಲ್ಲವೆಂದು ಅದು ವರದಿ ಕೊಟ್ಟಿತು. ಅದರ ಹಿಂದೆಯೇ ಜವಾಹರಲಾಲ, ವಲ್ಲಭಭಾಯಿ, ಪಟ್ಟಾಭಿ ಈ ಮೂವರು ಹಿರಿಯರ ಸಮಿತಿ ಬಂತು. ಅದೂ ಕಾಯಿರಿ ಎಂದಿತು. ದೇಶ ಒಡೆದು ಲಕ್ಷಾಂತರ ನಿರಾಶ್ರಿತರು ರಸ್ತೆಯಲ್ಲಿದ್ದ ಆ ಕಾಲದಲ್ಲಿ ಹಿರಿಯರ ಭೀತಿ ಅರ್ಥವಿಲ್ಲದ್ದೆಂದು ನಾವು ಹೇಳುವುದಿಲ್ಲ. ಆದರೆ ಕಾಯಬೇಕಾದವನ ಪಾಡೂ ಒಂದಿದೆ. ೧೯೪೭-೪೮ರಲ್ಲಿ ರಜಾಕಾರರ ಹಾವಳಿಗೆ ಹೆದರಿ ನಿಜಾಮನ ಸೀಮೆಯ ಕನ್ನಡಿಗರು ಗಡಿ ದಾಟಿ ಇತ್ತ ಬಂದರು; ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳು ನಿಂತವು. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. ನಿಜಾಮನ ಆಳಿಕೆ ಹೋಯಿತು, ಗಡಿ ಮಾತ್ರ ಹೋಗಲಿಲ್ಲ. ಅತ್ತ ಹೈದರಾಬಾದು ರಾಜ್ಯ, ಇತ್ತ ಮುಂಬಯಿ ರಾಜ್ಯ. ಗಜೇಂದ್ರಗಡದ ಜನ ಕೇಳಿದ ಪ್ರಶ್ನೆ ಸರಳವಾದುದು: ಕಾಯುವುದು ಯಾತಕ್ಕೆ?

೧೯೫೨ರ ಮೊದಲನೆಯ ಸಾರ್ವತ್ರಿಕ ಚುನಾವಣೆಯಲ್ಲಿ, ಈ ಬಾರಿ ವಯಸ್ಕರೆಲ್ಲರ ಮತದಿಂದ, ದೊಡ್ಡಮೇಟಿಯವರು ರೋಣದಿಂದ ಕಾಂಗ್ರೆಸ್ ಪಕ್ಷದವರಾಗಿ ಮುಂಬಯಿ ವಿಧಾನಸಭೆಗೆ ಹೋದರು. ಅದೇ ವರ್ಷದ ಡಿಸೆಂಬರ್ ೧೫ರಂದು ಆಂಧ್ರ ಪ್ರಾಂತಕ್ಕಾಗಿ ಉಪವಾಸ ಹಿಡಿದ ಪೊಟ್ಟಿ ಶ್ರೀರಾಮುಲು ಅವರು ಮದರಾಸಿನಲ್ಲಿ ಪ್ರಾಣ ಬಿಟ್ಟರು. ನಾಲ್ಕು ದಿನಗಳಲ್ಲಿ ಪ್ರಧಾನಿಗಳು ಆಂಧ್ರ ರಾಜ್ಯವನ್ನು ಒಪ್ಪಿದರು. ಇದನ್ನು ಕಂಡ ಕನ್ನಡಿಗರಿಗೆ ಏನು ತೋರಿರಬಹುದು? ೩೨ ವರ್ಷ ಠರಾವು, ಮನವಿ, ನಿಯೋಗಗಳಿಂದ ಆಗದ ಕೆಲಸ ಒಂದು ಸಾವಿನಿಂದ ಆಯಿತು. ಮರುತಿಂಗಳು ಹೈದರಾಬಾದಿನಲ್ಲಿ ನೆರೆದ ಕಾಂಗ್ರೆಸ್ ಅಧಿವೇಶನವು ಆಂಧ್ರವನ್ನು ಮುಂದೆ ಮಾಡಿ, ಉಳಿದವರ ಮಾತನ್ನು ಆ ಬಳಿಕ ನೋಡೋಣವೆಂದಿತು. ಮನವಿ ಕೊಡುತ್ತ ಬಂದವರಿಗೆ ಈ ಉತ್ತರ. ಪ್ರಾಣ ಕೊಟ್ಟವರಿಗೆ ಆ ಉತ್ತರ.

೧೯೫೩ರಲ್ಲಿ ದೊಡ್ಡಮೇಟಿಯವರು ಮುಂಬಯಿ ವಿಧಾನಸಭೆಯ ತಮ್ಮ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು; ಜಕ್ಕಲಿಯಲ್ಲಿ ಉಪವಾಸ ಕುಳಿತರು. ಅದೇ ವರ್ಷ ಹುಬ್ಬಳ್ಳಿಯ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರೂ ಉಪವಾಸ ಹಿಡಿದರು. ಏಪ್ರಿಲ್ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಪ್ರಾಂತ ಕಾಂಗ್ರೆಸ್ಸಿನ ಸಭೆ ನೆರೆದಾಗ ಜನರ ಸಿಟ್ಟು ಬೀದಿಗೆ ಬಂದು, ತಮ್ಮವರೇ ಆದ ನಾಯಕರ ಮೇಲೆ ತಿರುಗಿತು. ಆ ದಿನಗಳ ಗದ್ದಲದಲ್ಲಿ ನಡೆದುದೆಲ್ಲವನ್ನೂ ನಾವು ಮೆಚ್ಚುವವರಲ್ಲ. ಆದರೆ ಆ ಮುಂಗಾರಿನ ಗುಡುಗು ದಿಲ್ಲಿಗೆ ಕೇಳಿಸಿತೆಂಬುದರಲ್ಲಿ ಸಂದೇಹವಿಲ್ಲ. ವರ್ಷ ಮುಗಿಯುವುದರೊಳಗೆ ಫಜಲ್ ಅಲಿ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ನೇಮಕವಾಯಿತು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಿ ಉತ್ತರ ಹೇಳಲೇಬೇಕು. ಜನರು ಮಾತನಾಡಲೆಂದು ಕಳಿಸಿದ ಪ್ರತಿನಿಧಿಯು ಸಭೆಯನ್ನು ಬಿಟ್ಟುಬಂದು ಊರಿನಲ್ಲಿ ಅನ್ನ ಬಿಡುವುದು ಸರಿಯೇ? ಸಭೆಯೊಳಗೆ ನಿಂತು ಹೋರಾಡುವುದಲ್ಲವೆ ಧರ್ಮ? ಪಾಶ್ಚಾತ್ಯ ಲೋಕಸಭೆಗಳ ಪದ್ಧತಿಯನ್ನು ಬಲ್ಲವರು ಈ ಪ್ರಶ್ನೆಯನ್ನು ವಿಶೇಷವಾಗಿ ಕೇಳುತ್ತಾರೆ. ಅವರ ಮುಂದೆಯೇ ಅಮೇರಿಕೆಯ ಒಂದು ಉದಾಹರಣೆ ಇಡೋಣ. ಮೊಂಟಾನಾ ರಾಜ್ಯದಿಂದ ೧೯೧೬ರಲ್ಲಿ ಜೆನೆಟ್ ರ‍್ಯಾಂಕಿನ್ ಎಂಬ ಮಹಿಳೆ ಅಮೇರಿಕೆಯ ಕಾಂಗ್ರೆಸ್ಸಿಗೆ ಆರಿಸಿ ಬಂದಳು. ಆ ಸಭೆಯನ್ನು ಹೊಕ್ಕ ಮೊದಲನೆಯ ಹೆಂಗಸು ಅವಳೇ. ೧೯೧೭ರ ಏಪ್ರಿಲಿನಲ್ಲಿ ಮಹಾಯುದ್ಧಕ್ಕೆ ಸೇರುವ ಠರಾವು ಬಂದಾಗ ವಿರೋಧಿಸಿದ ೫೦ ಮಂದಿಯಲ್ಲಿ ಅವಳೊಬ್ಬಳು. ಮುಂದೆ ೧೯೪೦ರಲ್ಲಿ ಮತ್ತೆ ಆರಿಸಿ ಬಂದು, ೧೯೪೧ರ ಡಿಸೆಂಬರ್ ೮ರಂದು ಜಪಾನಿನ ಮೇಲೆ ಯುದ್ಧ ಸಾರುವ ಠರಾವಿಗೆ ೩೮೮ ಮತಗಳ ಎದುರು ಒಂದೇ ಒಂದು ವಿರೋಧ ಮತವನ್ನು ಹಾಕಿದವಳೂ ಅವಳೇ. ಆ ಒಂದು ಮತ ಅವಳ ರಾಜಕೀಯ ಜೀವನವನ್ನು ಮುಗಿಸಿತು. ಗಾಂಧೀಜಿಯವರ ವಿಚಾರಗಳ ಮೇಲಿನ ಆದರದಿಂದ ಅವಳು ಆ ಬಳಿಕ ನಮ್ಮ ದೇಶಕ್ಕೆ ಹಲವು ಸಲ ಬಂದುಹೋದಳೆಂಬುದನ್ನು ಇಲ್ಲಿ ನೆನೆಯಬಹುದು.

ಅವಳು ಕುರ್ಚಿಯಲ್ಲಿ ಕುಳಿತೇ ಕುರ್ಚಿಯನ್ನು ಪಣಕ್ಕಿಟ್ಟಳು. ದೊಡ್ಡಮೇಟಿಯವರು ಎದ್ದು ಬಂದು ಪಣಕ್ಕಿಟ್ಟರು. ವ್ಯತ್ಯಾಸವು ಸ್ವಭಾವದ್ದಲ್ಲ, ಕಾಯದೆಯದು. ಯುದ್ಧ ಸಾರುವ ಅಧಿಕಾರ ಅಮೇರಿಕೆಯ ಕಾಂಗ್ರೆಸ್ಸಿನದು. ಆದುದರಿಂದ ಅಲ್ಲಿನ ಸಭಾಸದನಿಗೆ ಹೌದು ಅಥವಾ ಅಲ್ಲ ಎನ್ನುವ ಒಂದು ಮತ ಕೈಯಲ್ಲಿರುತ್ತದೆ. ನಮ್ಮ ರಾಜ್ಯಘಟನೆಯ ೩ನೆಯ ಕಲಮಿನ ಪ್ರಕಾರ ಹೊಸ ರಾಜ್ಯವನ್ನು ಮಾಡುವುದು, ಗಡಿಯನ್ನು ಬದಲಿಸುವುದು, ಹೆಸರನ್ನು ಬದಲಿಸುವುದು, ಇದೆಲ್ಲ ದಿಲ್ಲಿಯ ಸಂಸತ್ತಿನ ಕೈಯಲ್ಲಿದೆ. ರಾಜ್ಯದ ವಿಧಾನಸಭೆಗೆ ಇರುವುದು ಅಭಿಪ್ರಾಯ ಹೇಳುವ ಅವಕಾಶವಷ್ಟೆ. ಕನ್ನಡ ನಾಡಿನ ಪ್ರಶ್ನೆಯ ಮೇಲೆ ಮುಂಬಯಿಯಲ್ಲಿ ದೊಡ್ಡಮೇಟಿಯವರಿಗೆ ನಿರ್ಣಾಯಕವಾದ ಮತವೇ ಇರಲಿಲ್ಲ. ಅವರಲ್ಲಿದ್ದುದು ಕುರ್ಚಿಯೊಂದೇ. ಇದ್ದುದನ್ನು ಖರ್ಚು ಮಾಡಿದರು. ಅಧಿಕಾರದಲ್ಲಿದ್ದ ಪಕ್ಷದ ಸಭಾಸದನೇ ಸ್ಥಾನ ಬಿಟ್ಟನೆಂದರೆ ಅದನ್ನು ಗಡಿಬಿಡಿಯ ತರುಣರ ಹುಚ್ಚಾಟವೆಂದು ತಳ್ಳಿಹಾಕುವುದು ಯಾರಿಗೂ ಸುಲಭವಾಗಿರಲಿಲ್ಲ. ಉಪವಾಸವು ರಾಜಕಾರಣದ ಸಾಧನವಾಗುವುದು ಒಳ್ಳೆಯದೇ ಎಂಬ ದೊಡ್ಡ ಪ್ರಶ್ನೆಗೆ ನಮ್ಮ ಉತ್ತರ ಇನ್ನೂ ಅನುಮಾನದ್ದೇ. ರಾಜೀನಾಮೆಯ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ.

ಈ ಮನುಷ್ಯನ ಇನ್ನೊಂದು ಮುಖವನ್ನು ಹೇಳದೆ ಬಿಟ್ಟರೆ ಚಿತ್ರ ಅರ್ಧವಾದೀತು. ನಾಡೆಂದರೆ ಅವರಿಗೆ ಜಿಲ್ಲೆಗಳ ಮೊತ್ತವಲ್ಲ, ಪೂಜೆಗೆ ಅರ್ಹಳಾದ ತಾಯಿ. ಸಿ. ಎನ್. ಪಾಟೀಲರೆಂಬ ಚಿತ್ರಕಾರರಿಂದ ಅವರು ಭುವನೇಶ್ವರಿಯ ಚಿತ್ರವನ್ನು ಬರೆಯಿಸಿದರು. ಆ ತೈಲಚಿತ್ರವು ೧೯೫೩ರಲ್ಲಿಯೇ ಗದುಗಿನಲ್ಲಿ ಜನರ ಮುಂದೆ ಬಂದಿತು. ದೇವರನ್ನು ಮೊದಲು ಪ್ರತಿಷ್ಠೆ ಮಾಡಿ ಆಮೇಲೆ ಗುಡಿ ಕಟ್ಟಿದಂತಾಯಿತು ಇದು. ನಾಡು ಇನ್ನೂ ಹುಟ್ಟಿರಲಿಲ್ಲ, ನಾಡದೇವತೆ ಬಂದಿದ್ದಳು. ಈ ಭಕ್ತಿಯನ್ನು ಕಂಡು ಮುಗುಳ್ನಗುವವರು ಆಗಲೂ ಇದ್ದರು, ಈಗಲೂ ಇರಬಹುದು. ದೇವತೆಯನ್ನು ಒಪ್ಪದವರು, ಬೇರೆ ಧರ್ಮದವರು ನಾಡನ್ನು ಪ್ರೀತಿಸುವುದಕ್ಕೆ ಬೇರೆ ದಾರಿಗಳಿವೆ ಎಂಬುದೂ ನಿಜ. ಆದರೆ ನಕಾಶೆಯನ್ನು ಓದಲಾರದ ರೈತನಿಗೆ, ಬೀದರಿನವನೂ ಮಡಿಕೇರಿಯವನೂ ನಿನ್ನ ದಾಯಾದಿಗಳೆಂದು ಒಂದೇ ನೋಟದಲ್ಲಿ ಹೇಳಬೇಕಾದರೆ ಅಂಕಿ ಸಂಖ್ಯೆಗಳಿಂದ ಆಗುವ ಕೆಲಸವಲ್ಲ. ದೊಡ್ಡಮೇಟಿಯವರು ಒಕ್ಕಲುತನದ ಸೀಮೆಯವರು. ತಮ್ಮ ಜನರ ಮನಸ್ಸಿಗೆ ಹೋಗುವ ಬಾಗಿಲು ಯಾವುದೆಂಬುದು ಅವರಿಗೆ ಗೊತ್ತಿತ್ತು.

ಫಜಲ್ ಅಲಿ ಆಯೋಗದ ವರದಿ ೧೯೫೫ರ ಸೆಪ್ಟೆಂಬರ್ ೩೦ರಂದು ಸರಕಾರದ ಕೈ ಸೇರಿತು. ಅದರಲ್ಲಿ ಹೊಸ ರಾಜ್ಯಕ್ಕೆ ‘ಕರ್ನಾಟಕ’ ಎಂದೇ ಹೆಸರಿತ್ತು. ಆದರೆ ೧೯೫೬ರ ನವೆಂಬರ್ ೧ರಂದು ರಾಜ್ಯವು ಹುಟ್ಟುವಾಗ ‘ಮೈಸೂರು’ ಎಂಬ ಹೆಸರಿನಿಂದ ಹುಟ್ಟಿತು. ಹಳೆಯ ಮೈಸೂರಿನವರ ಭಾವನೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಅವರಿಗೆ ಮೈಸೂರೆಂದರೆ ಕನ್ನಂಬಾಡಿ, ವಿಶ್ವವಿದ್ಯಾಲಯ, ಭದ್ರಾವತಿ, ದೇಶದಲ್ಲೆಲ್ಲ ಮಾದರಿಯೆನಿಸಿದ ಆಡಳಿತ. ಕೂಡುಕುಟುಂಬವಾದಾಗ ಇದ್ದವರ ಮನೆಗೆ ಇಲ್ಲದವರು ಬಂದು ಸೇರಿದರೆ ಮನೆಯ ಹೆಸರನ್ನೂ ಬದಲಿಸಬೇಕೆ ಎಂದು ಅವರು ಕೇಳಿದರೆ ಅದು ಮನುಷ್ಯ ಸ್ವಭಾವ. ಆದರೆ ಧಾರವಾಡ, ಬಿಜಾಪುರ, ಗುಲಬರ್ಗೆ, ರಾಯಚೂರು, ಮಂಗಳೂರುಗಳ ಕನ್ನಡಿಗನು ತಾನು ಯಾರ ಮನೆಯನ್ನೂ ಸೇರಲು ಬಂದವ�ನಲ್ಲ, ಎಲ್ಲರಿಗೂ ಸೇರಿದ ಹಳೆಯ ಮನೆಯನ್ನು ಮತ್ತೆ ಎತ್ತಿಸಲು ಬಂದವನೆಂದು ತಿಳಿದಿದ್ದನು. ಬಾದಾಮಿಯ ಚಾಲುಕ್ಯರು ಆಳಿದ್ದು ಮೈಸೂರನ್ನಲ್ಲ.

೧೯೫೭ರ ಚುನಾವಣೆಯಲ್ಲಿ ರೋಣದ ಮತದಾರರು ದೊಡ್ಡಮೇಟಿಯವರನ್ನೇ ಹೊಸ ರಾಜ್ಯದ ವಿಧಾನಸಭೆಗೆ ಆರಿಸಿದರು. ನಾಲ್ಕು ವರ್ಷಗಳ ಹಿಂದೆ ಕುರ್ಚಿ ಬಿಟ್ಟುಬಂದವರಿಗೆ ಅವರು ಮತ್ತೆ ಕುರ್ಚಿ ಕೊಟ್ಟರು. ರಾಜೀನಾಮೆ ಸರಿಯೇ ತಪ್ಪೇ ಎಂದು ಪಂಡಿತರು ಚರ್ಚಿಸುವ ಮೊದಲು ಯಜಮಾನರಾದ ಮತದಾರರು ಹೇಳಬೇಕಾದುದನ್ನು ಹೇಳಿಬಿಟ್ಟರೆಂದು ನಾವು ಭಾವಿಸುತ್ತೇವೆ. ಬೆಂಗಳೂರಿಗೆ ಹೋದ ಅವರು ಆ ಸಭೆಯಲ್ಲಿ ರಾಜ್ಯದ ಹೆಸರು ‘ಕರ್ನಾಟಕ’ವಾಗಬೇಕೆಂಬ ಪ್ರಶ್ನೆಯನ್ನು ಎತ್ತಿದರು. ರಾಜ್ಯ ಬಂದು ವರ್ಷ ತುಂಬುವ ಮೊದಲೇ ಹೆಸರಿನ ಜಗಳವೇಕೆ ಎಂದು ಹಲವರಿಗೆ ಅನಿಸಿತು. ಅವರ ಮಾತು ಆಗ ಗೆಲ್ಲಲಿಲ್ಲ.

ಹೆಸರಿನಿಂದ ಹೊಟ್ಟೆ ತುಂಬುವುದೇ ಎಂಬುದು ಆಗಿನಿಂದ ಈಗಿನವರೆಗೂ ಕೇಳಿಬರುವ ಪ್ರಶ್ನೆ. ರೋಣದಂಥ ಬರಗಾಲದ ತಾಲೂಕಿನ ಪ್ರತಿನಿಧಿಯನ್ನು ಕುರಿತು ಕೇಳುವಾಗ ಅದಕ್ಕೆ ಇನ್ನೂ ಮೊನೆಯಿರುತ್ತದೆ. ಅಧಿಕಾರಿಗಳಾದ ನಮ್ಮ ವಾಚಕರು ಇದನ್ನು ತಮ್ಮ ಕಚೇರಿಯ ಅನುಭವದಿಂದಲೇ ಅಳೆದು ನೋಡಲಿ. ರೋಣದ ರೈತನ ಅರ್ಜಿಯೊಂದು ಮಾಮಲೇದಾರ ಕಚೇರಿಯಿಂದ ಹೊರಟು, ಪ್ರಾಂತ ಸಾಹೇಬರು, ಕಲೆಕ್ಟರು, ಕಮಿಷನರು ಇವರನ್ನು ದಾಟಿ ಮುಂಬಯಿಯ ಸೆಕ್ರೆಟರಿಯೇಟಿಗೆ ಮುಟ್ಟುವಾಗ ಅದರಲ್ಲಿ ಕನ್ನಡದ ಒಂದಕ್ಷರವೂ ಉಳಿಯುತ್ತಿರಲಿಲ್ಲ. ಅದರ ಮೇಲೆ ಫೈಸಲಾ ಬರೆಯುವವನು ಎರೆಯ ಹೊಲವನ್ನು ಕಂಡವನಲ್ಲ. ಮಲಪ್ರಭೆಯ ನೀರನ್ನು ಕಟ್ಟಿ ನಿಲ್ಲಿಸಬೇಕಾದರೂ ಆ ನದಿಯ ದಂಡೆಯ ಜನರೆಲ್ಲ ಒಂದೇ ಸರಕಾರದ ಪ್ರಜೆಗಳಾಗಿರುವುದು ಒಳ್ಳೆಯದಲ್ಲವೆ? ನವಿಲುತೀರ್ಥದ ಅಣೆಕಟ್ಟು ಮುಗಿದದ್ದು ೧೯೭೦ರ ದಶಕದ ಮೊದಲಲ್ಲಿ, ಏಕೀಕೃತ ರಾಜ್ಯದ ಕಾಲದಲ್ಲಿ.

ಹಾಗೆಂದು ಏಕೀಕರಣವೇ ಎಲ್ಲ ರೋಗಕ್ಕೂ ಮದ್ದಾಯಿತೆಂದು ಹೇಳಿದರೆ ನರಗುಂದದವರು ಒಪ್ಪಲಾರರು. ಅದೇ ಮಲಪ್ರಭೆಯ ಕಾಲುವೆಯ ಸೀಮೆಯಲ್ಲಿ, ನೀರು ಸರಿಯಾಗಿ ಬಾರದ ಹೊಲಗಳಿಗೂ ಅಭಿವೃದ್ಧಿ ಕರ ಬಿದ್ದಾಗ ರೈತರು ಎದ್ದರು. ೧೯೮೦ರ ಜುಲೈ ೨೧ರಂದು ನರಗುಂದದಲ್ಲಿ ಗುಂಡು ಹಾರಿ ರೈತನ ಪ್ರಾಣ ಹೋಯಿತು. ನವಲಗುಂದದಲ್ಲಿಯೂ ರಕ್ತ ಬಿದ್ದಿತು. ಅದರ ಕಿಡಿ ರಾಜ್ಯದ ರೈತ ಚಳವಳಿಗೆಲ್ಲ ಹಬ್ಬಿತು. ಅಂದು ರೈತನ ಮೇಲೆ ಗುಂಡು ಹಾರಿಸಿದ ಸರಕಾರ ಮುಂಬಯಿಯದಾಗಿರಲಿಲ್ಲ, ಲಂಡನ್ನಿನದೂ ಆಗಿರಲಿಲ್ಲ. ಅರ್ಜಿಯನ್ನು ಕನ್ನಡದಲ್ಲಿ ಓದಬಲ್ಲ ಸರಕಾರ ಬಂದ ಮೇಲೂ ಅದು ಓದುವಂತೆ ಮಾಡುವ ಕೆಲಸ ಉಳಿದೇ ಇತ್ತು. ದೊಡ್ಡಮೇಟಿಯವರು ತಮ್ಮ ಪಾಲಿನ ಕೆಲಸವನ್ನು ಮಾಡಿದ್ದರು. ಈ ಎರಡನೆಯ ಕೆಲಸವನ್ನು ನೋಡಲು ಅವರು ಬದುಕಿರಲಿಲ್ಲ.

೧೯೭೨ರಲ್ಲಿ ಅವರು ತೀರಿಕೊಂಡರು. ಆ ವರ್ಷದ ಜುಲೈಯಲ್ಲಿ, ದೇವರಾಜ ಅರಸರ ಮುಖ್ಯಮಂತ್ರಿತ್ವದಲ್ಲಿ, ರಾಜ್ಯದ ಹೆಸರನ್ನು ‘ಕರ್ನಾಟಕ’ವೆಂದು ಬದಲಿಸಬೇಕೆಂಬ ಠರಾವು ವಿಧಾನಸಭೆಯಲ್ಲಿ ಒಪ್ಪಿಗೆಯಾಯಿತು, ೩ನೆಯ ಕಲಮಿನ ಮೇರೆಗೆ ದಿಲ್ಲಿಯ ಸಂಸತ್ತು ಕಾಯದೆ ಮಾಡಿತು, ೧೯೭೩ರ ನವೆಂಬರ್ ೧ರಂದು ಹೆಸರು ಬಂದಿತು. ೧೯೫೭ರಲ್ಲಿ ಅವರು ಕೇಳಿದ ಮಾತಿಗೆ ೧೬ ವರ್ಷಗಳ ಮೇಲೆ ಉತ್ತರ. ರೋಣ, ನರಗುಂದ, ಗಜೇಂದ್ರಗಡಗಳು ಈಗ ೧೯೯೭ರಲ್ಲಿ ರಚಿತವಾದ ಗದಗ ಜಿಲ್ಲೆಯಲ್ಲಿವೆ. ನರೇಗಲ್ಲಿನಿಂದ ಕುಕನೂರಿಗೆ ಹೋಗುವವನು ಇಂದು ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಹೋಗುತ್ತಾನೆ; ನಾಕೆಯೂ ಇಲ್ಲ, ಹಾಲಿ ಸಿಕ್ಕಾದ ವಟ್ಟವೂ ಇಲ್ಲ. ಸಿ. ಎನ್. ಪಾಟೀಲರು ಬರೆದ ಭುವನೇಶ್ವರಿಯ ಚಿತ್ರವು ಜಕ್ಕಲಿಯ ದೊಡ್ಡಮೇಟಿಯವರ ಮನೆತನದವರಲ್ಲಿ ಉಳಿದುಬಂದಿದೆ.